ಚಾಚಿದ ಕೈಗೆ ಬೇಕಾದ ಕಬ್ಬಿಣ

ಹಾವೇರಿಯ ಪುರದ ಸಿದ್ಧೇಶ್ವರ ಗುಡಿಯನ್ನು ಎಷ್ಟು ಸಲ ಸುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ನಮ್ಮೂರು ಅಗಡಿಯಿಂದ ಪೇಟೆಗೆ ಹೋದ ದಿನ ಕೆಲಸ ಬೇಗ ಮುಗಿದರೆ ಅಲ್ಲಿ ಒಂದು ಗಳಿಗೆ ಕೂತು ಬರುವುದು ನನ್ನ ರೂಢಿ. ಪಡುವಣಕ್ಕೆ ಮುಖ ಮಾಡಿ ನಿಂತ ಗುಡಿಯದು. ಇಳಿಹೊತ್ತಿನ ಬಿಸಿಲು ಬಿದ್ದಾಗ ಬಳಪದ ಕಲ್ಲಿನ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಉಳಿಯ ಕೆಲಸ ಮತ್ತೆ ಎದ್ದು ಕಾಣುತ್ತದೆ. ಶಿವ ಪಾರ್ವತಿಯರಿದ್ದಾರೆ, ಸೂರ್ಯನಿದ್ದಾನೆ, ನಾಗರಿದ್ದಾರೆ. ಕಳೆ ತೆಗೆಯುವ ಹೆಂಗಸು ಮಾತ್ರ ಇಲ್ಲ. ಈ ಗುಡಿ ಏಳುವಾಗ ಸುತ್ತಲಿನ ಎರೆಹೊಲದಲ್ಲಿ ಸೊಂಟ ಬಗ್ಗಿಸಿದ್ದವಳನ್ನು, ಕಲ್ಲು ಹೊತ್ತವರಿಗೆ ರೊಟ್ಟಿ ಬಡಿದವಳನ್ನು ನಾನು ಆ ಗೋಡೆಗಳ ಮೇಲೆ ಎಂದೂ ಕಂಡಿಲ್ಲ.

ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಗುಡಿ ಕಟ್ಟಿಸಿದವರು ಅರಸರು, ದಂಡನಾಯಕರು, ವರ್ತಕರು. ಅವರಿಗೆ ದೇವರು ಬೇಕಿತ್ತು, ದೇವರ ಸುತ್ತ ಕುಣಿಯುವವರು ಬೇಕಿತ್ತು, ದುಡಿಯುವವರು ಬೇಕಿರಲಿಲ್ಲ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಕಲ್ಲಿನೊಳಗೇ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಕಲ್ಲು ತನ್ನ ಮೇಲೆ ಹೇರಿದ ಭಾರವನ್ನು ಸಾವಿರ ವರ್ಷ ಹೊತ್ತು ನಿಲ್ಲುತ್ತದೆ. ಎಳೆತವನ್ನು ಮಾತ್ರ ತಾಳುವುದಿಲ್ಲ. ಕಲ್ಲಿನ ತೋಳೊಂದನ್ನು ಆಸರೆಯಿಲ್ಲದೆ ಗಾಳಿಗೆ ಚಾಚಿಸಿ ನೋಡಿ: ತೋಳಿನ ಭಾರಕ್ಕೆ ಅದರ ಮೇಲ್ಭಾಗ ಹಿಗ್ಗಲು ಹೋಗಿ, ಭುಜದ ಹತ್ತಿರ ಒಂದು ಕೂದಲೆಳೆಯ ಸೀಳು ಬಿಡುತ್ತದೆ, ಒಂದು ದಿನ ತೋಳು ಕೆಳಗೆ ಬೀಳುತ್ತದೆ. ಇದನ್ನು ಬಲ್ಲ ಶಿಲ್ಪಿ ದೇವರ ಕೈಗಳನ್ನು ಮೈಗೆ ಹತ್ತಿರ ಇಟ್ಟ, ಆಯುಧಗಳನ್ನು ಹಿಂದಿನ ಹಲಗೆಗೆ ಅಂಟಿಸಿದ. ತುಂಗಭದ್ರೆಯ ಆಚೆ ದಡದಲ್ಲಿ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು ಎಷ್ಟೊಂದು ಬಳುಕಿದ್ದಾರೆ ಎಂದು ನಾವು ಬೆರಗಾಗುತ್ತೇವೆ. ಅವರ ಸುತ್ತ ಹಬ್ಬಿದ ಬಳ್ಳಿಯನ್ನೂ ನೋಡಬೇಕು. ಆ ಬಳ್ಳಿ ಬರೀ ಅಲಂಕಾರವಲ್ಲ, ಬಳುಕಿದ ಮೈ ಮುರಿಯದಂತೆ ಹಿಡಿದ ಆಸರೆ. ಕುಣಿಯುವವಳಿಗೆ ಬಳ್ಳಿ ಒಪ್ಪುತ್ತದೆ. ಕಳೆ ತೆಗೆಯುವವಳಿಗೆ ಎಲ್ಲಿಯ ಬಳ್ಳಿ? ಅವಳ ಮೈ ನಡುವಿನಲ್ಲಿ ಮಡಚಿದೆ, ಮೈಭಾರವೆಲ್ಲ ಪಾದಗಳ ಮುಂದೆ ಗಾಳಿಯಲ್ಲಿ ತೂಗುತ್ತಿದೆ, ಒಂದು ಕೈ ಕುರ್ಚಿಗಿ ಹಿಡಿದು ಮುಂದಕ್ಕೆ ಚಾಚಿದೆ, ಇನ್ನೊಂದು ಕೈ ಕಳೆಯ ಬುಡ ಹುಡುಕುತ್ತಿದೆ. ಗೋಡೆಯ ಮೇಲೆ ಉಬ್ಬುಶಿಲ್ಪವಾಗಿ ಅವಳನ್ನು ಕೊರೆಯಬಹುದಿತ್ತು, ನಿಜ. ಆದರೆ ಗೋಡೆಗೆ ಅಂಟಿಕೊಂಡ ಮೈಯನ್ನು ಒಂದೇ ಕಡೆಯಿಂದ ನೋಡಬೇಕು. ದುಡಿಮೆಯ ಭಂಗಿಯ ತಿರುಳೆಲ್ಲ ಇರುವುದು ಆ ತೂಗುವಿಕೆಯಲ್ಲಿ, ಬೀಳದೆ ಬಾಗಿರುವ ಹದದಲ್ಲಿ. ಅದು ಸುತ್ತಿ ನೋಡಿದವರಿಗಷ್ಟೇ ಸಿಗುತ್ತದೆ.

ಸಾಮಾನ್ಯರು ಕಲ್ಲಿಗೆ ಬರಲೇ ಇಲ್ಲವೇ? ಬಂದರು, ಸತ್ತ ಮೇಲೆ. ನಮ್ಮ ಸೀಮೆಯ ಊರೂರಿನಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಲು ಹೋಗಿ ಬಿದ್ದವನು ಕೆಳಗಿನ ಪಟ್ಟಿಯಲ್ಲಿ ಕಾದುತ್ತಾನೆ, ನಡುವಿನ ಪಟ್ಟಿಯಲ್ಲಿ ದೇವಕನ್ನೆಯರ ಜೊತೆ ಏರುತ್ತಾನೆ, ಮೇಲಿನ ಪಟ್ಟಿಯಲ್ಲಿ ಶಿವನ ಮುಂದೆ ಕೈಮುಗಿದು ಕೂರುತ್ತಾನೆ. ಬದುಕಿರುವ ತನಕ ಆ ತುರುಗಳನ್ನು ಮೇಯಿಸಿದ ಮೈಗೆ ಮೂರು ಪಟ್ಟಿಗಳಲ್ಲಿ ಒಂದೂ ಇಲ್ಲ. ಗಂಡನ ಚಿತೆ ಏರಿದವಳ ನೆನಪಿನ ಮಾಸ್ತಿಕಲ್ಲು ಇನ್ನೂ ಕಠಿಣ. ಅಲ್ಲಿ ಹೆಣ್ಣಿನ ಇಡೀ ಮೈ ಹೋಗಿ ಬಳೆ ತೊಟ್ಟ ಒಂದು ತೋಳು ಉಳಿಯುತ್ತದೆ, ಅದೂ ಕಂಬಕ್ಕೆ ಅಂಟಿಕೊಂಡು. ಆ ತೋಳು ಬದುಕಿದ್ದಾಗ ಏನೇನು ಮಾಡಿತ್ತು ಎಂಬುದು ಕಲ್ಲಿಗೆ ಗೊತ್ತಿಲ್ಲ.

ಹಾಗಾದರೆ ನಮ್ಮ ಜನ ತಮ್ಮ ಮೈಯನ್ನು ಯಾವುದರಲ್ಲಿ ಮಾಡಿಕೊಂಡರು? ಮಣ್ಣಿನಲ್ಲಿ, ಸಗಣಿಯಲ್ಲಿ, ಎಲೆಯಲ್ಲಿ, ಬೆಣ್ಣೆಯಲ್ಲಿ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟುವ ಜೋಕುಮಾರನನ್ನು ನೆನೆಯಿರಿ. ಹಸಿ ಮಣ್ಣಿನ ಮೈ, ಅಗಲ ಬಾಯಿ, ದೊಡ್ಡ ಕಣ್ಣು, ಮುಚ್ಚುಮರೆಯಿಲ್ಲದ ಗಂಡಸುತನ. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಅವನನ್ನು ಕೂರಿಸಿ, ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ತರುತ್ತಾರೆ. ನಮ್ಮ ಅವ್ವ ಮೊರದಲ್ಲಿ ಜೋಳ ಕೊಟ್ಟು ಅವನ ಬಾಯಿಗೆ ಬೆಣ್ಣೆ ಸವರುತ್ತಿದ್ದಳು. ಒಂದು ಓಣಿ ದಾಟುವಷ್ಟರಲ್ಲಿ ಅವನ ತುಟಿ ಮನೆಮನೆಯ ಬೆಣ್ಣೆಯಿಂದ ದಪ್ಪಗಾಗಿರುತ್ತಿತ್ತು. ಗಣಪ್ಪ ಕಡುಬು ತಿಂದು ಹೋಗಿ ಭೂಮಿಯ ಮೇಲೆ ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳುತ್ತಾನಂತೆ, ಮಳೆಯಿಲ್ಲದ ಹೊಲದ ಕಷ್ಟವನ್ನು ಹೇಳುವವನು ಜೋಕುಮಾರ. ಏಳು ದಿನ ಬಾಳಿ, ಹುಣ್ಣಿಮೆಯ ರಾತ್ರಿ ಅಗಸರ ಕಲ್ಲಿನ ಕೆಳಗೆ ಅವನ ಕಥೆ ಮುಗಿಯುತ್ತದೆ.

ದೀಪಾವಳಿಯ ಪಾಡ್ಯಕ್ಕೆ ಹೊಸ್ತಿಲ ಮುಂದೆ ಕೂರುವ ಪಾಂಡವರೂ ಅಂಥವರೇ. ಸಗಣಿಯ ಸಣ್ಣ ಗೋಪುರದಂಥ ಮೈ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂವು. ಇವರಲ್ಲಿ ಒಂದೊಂದು ವಸ್ತುವಿಗೂ ಕೆಲಸವಿದೆ. ಸಗಣಿ ಹಟ್ಟಿಯ ಸಂಪತ್ತು, ಬೇವು ಹೊಲಕ್ಕೆ ಒಯ್ಯುವ ಕಾಪು, ಬೆಣ್ಣೆ ಹಸಿದವನಿಗೆ ಕೊಟ್ಟ ಲಂಚ. ನಗರದ ಗ್ಯಾಲರಿಗಳಲ್ಲಿ ಮಿಶ್ರ ಮಾಧ್ಯಮ ಎಂಬ ಹೆಸರಿನಲ್ಲಿ ನಡೆಯುವ ಕೆಲಸವನ್ನು ಹೊಸದೆಂದು ನಂಬಿದವರಿಗೆ ನಮ್ಮ ಹೊಸ್ತಿಲುಗಳನ್ನು ತೋರಿಸಬೇಕೆನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮವರು ಈ ಮೈಗಳನ್ನು ಉಳಿಸಲು ಮಾಡಲಿಲ್ಲ. ಮಳೆಗೆ ಕರಗಲೆಂದು, ಒಣಗಿ ಕುಳ್ಳಾಗಲೆಂದು ಮಾಡಿದರು. ಮುಂದಿನ ವರ್ಷ ಮತ್ತೆ ಮಾಡುವ ಕೈಗಳಿವೆ ಎಂಬ ಭರವಸೆ ಅವರಿಗಿತ್ತು.

ಆ ಭರವಸೆ ಕುಸಿದ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬ ಶಿಲ್ಪಿ ಕಬ್ಬಿಣದ ಸರಳು ಮತ್ತು ಸಿಮೆಂಟನ್ನು ಕೈಗೆತ್ತಿಕೊಂಡರು. ಟಿ.ಬಿ. ಸೊಲಬಕ್ಕನವರ ಅವರ ಹೆಸರು ಗೊತ್ತಿಲ್ಲದವರಿಗೂ ಅವರ ಕೆಲಸ ಗೊತ್ತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾವಿ ದಾಟುವಾಗ ಗೊಟಗೋಡಿಯ ಬಳಿ ಸಿಗುವ ಉತ್ಸವ್ ರಾಕ್ ಗಾರ್ಡನ್ ಅವರದು. 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯ ನೆಲೆನಿಂತದ್ದೂ ಅದೇ ಗೊಟಗೋಡಿಯಲ್ಲಿ. ಅಲ್ಲಿ ಸಾವಿರಕ್ಕೂ ಮಿಕ್ಕಿ ಆಕೃತಿಗಳಿವೆ. ಉಳುವವರು, ದನ ಮೇಯಿಸುವವರು, ಕುರಿ ಕಾಯುವವರು, ಕಸುಬಿನವರು, ಮನೆಗೆಲಸದ ಹೆಂಗಸರು, ಹೀಗೆ ಒಂದು ಹಳ್ಳಿಗೆ ಹಳ್ಳಿಯೇ ಆಳೆತ್ತರದಲ್ಲಿ ನಿಂತಿದೆ. ಸೊಲಬಕ್ಕನವರ ಅವರು 2020ರ ನವೆಂಬರ್‌ನಲ್ಲಿ ತೀರಿಕೊಂಡಾಗ ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರು ದೊಡ್ಡಾಟವನ್ನು ಮೈಗೂಡಿಸಿಕೊಂಡಿದ್ದವರು. ಈ ಮಾತನ್ನು ಸುಮ್ಮನೆ ದಾಟಿ ಹೋಗಬಾರದು, ಅವರ ಶಿಲ್ಪದ ಗುಟ್ಟು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ದೊಡ್ಡಾಟದ ಪಾತ್ರಧಾರಿ ಎಂದರೆ ಏನು? ಹಗಲೆಲ್ಲ ಗಳೆ ಹೊಡೆದ ರೈತ ರಾತ್ರಿ ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು ರಾಜನಾಗುತ್ತಾನೆ. ಕಟ್ಟಿಗೆ, ಬಣ್ಣದ ಹಾಳೆ, ಕನ್ನಡಿಯ ಚೂರು, ಬಟ್ಟೆ, ಇವೆಲ್ಲ ಅವನ ಮೈಮೇಲೆ ಏರುತ್ತವೆ. ಆ ಭಾರ ಹೊತ್ತು ಅವನು ಹೆಜ್ಜೆ ಹಾಕಬೇಕು. ಅಲ್ಲಿ ಮನುಷ್ಯನ ಮೈಯೇ ಶಿಲ್ಪದ ಒಳಗಿನ ಸರಳು, ವೇಷವೇ ಮೇಲಿನ ಗಾರೆ. ಯಾವ ಭಾರಕ್ಕೆ ಮೊಣಕಾಲು ಎಷ್ಟು ಮಡಚುತ್ತದೆ, ಕೈ ಎತ್ತಿದಾಗ ಬೆನ್ನು ಎತ್ತ ವಾಲುತ್ತದೆ ಎಂಬುದನ್ನು ಬಯಲಾಟದ ಮನುಷ್ಯ ಪುಸ್ತಕದಿಂದ ಕಲಿಯುವುದಿಲ್ಲ. ಗೊಟಗೋಡಿಯ ಆಕೃತಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಖಗಳಲ್ಲ, ಈ ಭಾರದ ಲೆಕ್ಕ.

ನಮ್ಮ ಚಿಗವ್ವನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಮೊಮ್ಮಕ್ಕಳು ಫೋಟೋ ತೆಗೆಯುತ್ತ ಮುಂದೆ ಓಡಿದರು. ಆಕೆ ಬೀಸುವ ಹೆಂಗಸಿನ ಮುಂದೆ ನಿಂತವಳು ಕದಲಲಿಲ್ಲ. ಮುಟ್ಟಿ ನೋಡಲಿಲ್ಲ, ಹೊಗಳಲೂ ಇಲ್ಲ. ಆ ಆಕೃತಿ ಹೇಗೆ ಕೂತಿತ್ತೋ ಹಾಗೆ ತನ್ನ ಬಲಭುಜವನ್ನು ತುಸು ಮುಂದಕ್ಕೆ ತಂದುಕೊಂಡಳು, ತನಗೇ ಗೊತ್ತಿಲ್ಲದೆ. ಆಮೇಲೆ ಹೇಳಿದಳು: ‘ಇಕೀಗೂ ಬಲರೆಟ್ಟಿ ನೋಯತಿರಬೇಕು ನೋಡಪಾ.’

ಒಬ್ಬ ಶಿಲ್ಪಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಸಿಗುವುದು ಕಷ್ಟ. ಚಿಗವ್ವ ಹೋಲಿಕೆಯ ಮಾತಾಡಲಿಲ್ಲ, ನೋವಿನ ಮಾತಾಡಿದಳು. ಬೀಸುಕಲ್ಲು ನಮ್ಮ ಮನೆಯಲ್ಲಿ ಈಗಲೂ ಇದೆ, ಹಿತ್ತಲಲ್ಲಿ ಬೋರಲು ಬಿದ್ದಿದೆ. ವಸ್ತುಸಂಗ್ರಹಾಲಯಗಳೂ ಬೀಸುಕಲ್ಲನ್ನು ಕಾಯ್ದಿಡುತ್ತವೆ. ಬೀಸುವ ಮೈ ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ಜೋಳ, ಹತ್ತಿ ಇದ್ದ ಹೊಲಗಳಿಗೆ ಗೋವಿನಜೋಳ ಬಂತು, ರಾಶಿಯ ಕಣಕ್ಕೆ ಯಂತ್ರ ಬಂತು, ಒಂದೇ ತಲೆಮಾರಿನಲ್ಲಿ ಹತ್ತಾರು ಭಂಗಿಗಳು ನೆಲದಿಂದ ಎದ್ದುಹೋದವು. ಅಕ್ಷರವೂ ಮೈಯನ್ನು ಉಳಿಸಲಿಲ್ಲ. 1907ರಲ್ಲಿ ನಮ್ಮೂರ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟಿತು, ಗಳಗನಾಥರು ಅದರ ಸಂಪಾದಕರಾಗಿದ್ದರು. ಅವರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದ ಕಥೆಯನ್ನು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅವರ ಕಾದಂಬರಿಗಳು ಉಳಿದಿವೆ. ಗಂಟು ಹೊತ್ತ ಆ ಕತ್ತು ಹೇಗೆ ನೆಟ್ಟಗಿತ್ತು, ಏರಿನಲ್ಲಿ ಉಸಿರು ಎಲ್ಲಿ ನಿಂತು ತಿರುಗುತ್ತಿತ್ತು ಎಂಬುದು ಉಳಿದಿಲ್ಲ. ಅಕ್ಷರಕ್ಕೆ ಸಿಗದ ಇಂಥದ್ದನ್ನು ಹಿಡಿಯಲು ಸರಳು, ಗಾರೆ ಬೇಕಾಯಿತು. ಕಲ್ಲು ತಾಳದ ಎಳೆತವನ್ನು ಕಬ್ಬಿಣ ತಾಳುತ್ತದೆ. ಸಿಮೆಂಟಿನ ಮೈಯೊಳಗೆ ಸರಳು ಹಾಯಿಸಿದರೆ ತೋಳು ಗಾಳಿಗೆ ಚಾಚಬಹುದು, ಒಂದೇ ಕಾಲಿನ ಮೇಲೆ ಮೈ ನಿಲ್ಲಬಹುದು, ಸೊಂಟ ಬೀಳದೆ ಬಗ್ಗಬಹುದು. ಸಾವಿರ ವರ್ಷ ಗುಡಿಯ ಹೊರಗೇ ನಿಂತವಳು ಶಿಲ್ಪದೊಳಗೆ ಬರಲು ಮನೆ ಕಟ್ಟುವ ಈ ಅಗ್ಗದ ಸಾಮಾನು ದಾರಿ ಮಾಡಿತು.

ಇದನ್ನು ನಮ್ಮ ದೇಶದಲ್ಲಿ ಮೊದಲು ಕಂಡುಕೊಂಡವರಲ್ಲಿ ರಾಮ್‌ಕಿಂಕರ್ ಬೈಜ್ ಒಬ್ಬರು. 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಅವರು ಮಾಡಿದ ‘ಸಂಥಾಲ್ ಕುಟುಂಬ’ದಲ್ಲಿ ಗಂಡ, ಹೆಂಡತಿ, ಮಕ್ಕಳು, ಜೊತೆಗೊಂದು ನಾಯಿ ಊರು ಬಿಟ್ಟು ನಡೆದಿದ್ದಾರೆ. ಗಂಡನ ಹೆಗಲ ಕಾವಡಿಯ ಬುಟ್ಟಿಯಲ್ಲಿ ಒಂದು ಮಗು. ಕಬ್ಬಿಣದ ಹಂದರದ ಮೇಲೆ ಸಿಮೆಂಟು ಮತ್ತು ಅಲ್ಲಿಯದೇ ಜಂಬಿಟ್ಟಿಗೆಯ ಹರಳು ಬೆರೆಸಿದ ಗಾರೆಯನ್ನು ಎರಚಿ ಎರಚಿ ಕಟ್ಟಿದ ಮೈಗಳವು. ಅಮೃತಶಿಲೆ, ಕಂಚಿಗೆ ಅವರಲ್ಲಿ ದುಡ್ಡಿರಲಿಲ್ಲ ಎಂಬುದು ನಿಜ. ದುಡ್ಡಿದ್ದು ಕಂಚಿನಲ್ಲಿ ಎರೆದಿದ್ದರೆ ಆ ಕುಟುಂಬದ ಕಾಲಿಗೆ ಆ ನೆಲದ ಮಣ್ಣು ಹತ್ತುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ರಾಮ್‌ಕಿಂಕರರ ಎದುರು ನಾವು ಕೈಮುಗಿಯುತ್ತೇವೆ, ಗೊಟಗೋಡಿಯನ್ನು ಪಿಕ್‌ನಿಕ್ ಜಾಗ ಎನ್ನುತ್ತೇವೆ. ಟಿಕೆಟ್ಟು ಇರುವುದರಿಂದ, ಶಾಲೆಯ ಪ್ರವಾಸದ ಬಸ್ಸುಗಳು ನಿಲ್ಲುವುದರಿಂದ, ಒಳಗೆ ರಾಜ್‌ಕುಮಾರರ ಚಿತ್ರಗಳ ಪಾತ್ರಗಳೂ ಇರುವುದರಿಂದ ಅದು ಕಲೆಯಾಗದೆ ಹೋಗುತ್ತದೆಯೇ? ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರಿನಲ್ಲಿ ಕೂತು ಬರುವ ಜನರ ಕಣ್ಣಿಗೆ ಬಿದ್ದ ಶಿಲ್ಪ ಎಂಬ ಕಾರಣಕ್ಕೆ ಅದರ ಬೆಲೆ ಇಳಿಸುವವರ ಮಾತನ್ನು ನಾನು ಒಪ್ಪಲಾರೆ.

‘ಅವು ಗೊಂಬೆಗಳು, ನಿಜದಂತೆ ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ’ ಎಂಬ ಆಕ್ಷೇಪಕ್ಕೆ ಮಾತ್ರ ನಿಂತು ಉತ್ತರ ಕೊಡಬೇಕು. ಈ ಜಗಳ ಹಳೆಯದು. 1877ರಲ್ಲಿ ಫ್ರಾನ್ಸಿನ ಶಿಲ್ಪಿ ರೋಡಿನ್ ತನ್ನ ‘ಕಂಚಿನ ಯುಗ’ ಶಿಲ್ಪವನ್ನು ತೋರಿಸಿದಾಗ, ಬದುಕಿರುವ ಮನುಷ್ಯನ ಮೈಗೆ ನೇರವಾಗಿ ಅಚ್ಚು ಹಾಕಿ ತೆಗೆದಿದ್ದಾನೆ ಎಂದು ಜನ ದೂರಿದರು. ನಾಲ್ಕು ವರ್ಷದ ನಂತರ ದೆಗಾ ಮೇಣದಲ್ಲಿ ಹದಿನಾಲ್ಕರ ಬಾಲೆಯೊಬ್ಬಳನ್ನು ಮಾಡಿ, ನಿಜವಾದ ಬಟ್ಟೆಯ ಲಂಗ ತೊಡಿಸಿ, ಕೂದಲು ಹಚ್ಚಿ, ರಿಬ್ಬನ್ ಕಟ್ಟಿ ನಿಲ್ಲಿಸಿದ. ಪ್ಯಾರಿಸ್ಸಿನ ವಿಮರ್ಶಕರು ಅದನ್ನು ವೈದ್ಯರ ಸಂಗ್ರಹದ ಮಾದರಿಗೆ ಹೋಲಿಸಿದರು. ಅವರನ್ನು ಕೆರಳಿಸಿದ್ದು ವಸ್ತುಗಳ ಬೆರಕೆಯಷ್ಟೇ ಅಲ್ಲ ಎಂದು ನನ್ನ ಗುಮಾನಿ. ಬಡವರ ಮನೆಯ, ದುಡಿದು ದಣಿದ ಹುಡುಗಿಯ ಮೈ ಗಾಜಿನ ಪೆಟ್ಟಿಗೆಯಲ್ಲಿ ದೇವತೆಯ ಜಾಗದಲ್ಲಿ ನಿಂತಿತ್ತು, ಬೆರಕೆಯ ನೆಪದಲ್ಲಿ ಅದನ್ನು ಜರೆದರು.

ನಿಜದಂತಿರುವುದು ಎಂದರೇನೆಂದು ತಿಳಿಯಲು ನಾನು ಪ್ಯಾರಿಸ್ಸಿಗಿಂತ ರಾಣೆಬೆನ್ನೂರಿಗೇ ಹೋಗುತ್ತೇನೆ. ಹೋಳಿಯ ದಿನಗಳಲ್ಲಿ ಅಲ್ಲಿ ರತಿ-ಕಾಮರ ಮೂರ್ತಿಗಳ ಬದಲು ಇಬ್ಬರು ಮನುಷ್ಯರೇ ವೇಷ ಕಟ್ಟಿ ಕೂರುತ್ತಾರೆ. ನೆರೆದವರು ಏನು ಹೇಳಿದರೂ, ಹೇಗೆ ಅಣಕಿಸಿದರೂ ಅವರು ನಗಬಾರದು, ನಗಿಸಿದವರಿಗೆ ಬಹುಮಾನ. ಆ ಸಂಜೆಗಳಲ್ಲಿ ನಾನು ನೋಡಿದ್ದು ಇಷ್ಟು: ಮೈ ಕಲ್ಲಿನಂತೆ ಕೂತಷ್ಟೂ ಅದರ ಒಳಗಿನ ಜೀವ ಹೆಚ್ಚು ಕಾಣುತ್ತದೆ. ಕೆನ್ನೆಯ ಒಂದು ನರ, ಗಂಟಲಲ್ಲಿ ಇಳಿದ ಉಗುಳು, ಬೆವರಿಗೆ ಕರಗುವ ಬಣ್ಣ. ಶಿಲ್ಪಿ ಹಿಡಿಯಬೇಕಾದ್ದು ತೊಗಲಿನ ಹೋಲಿಕೆಯನ್ನಲ್ಲ, ತಡೆದುಕೊಂಡ ಆ ಶಕ್ತಿಯನ್ನು. ಅಚ್ಚು ಹಾಕಿದರೆ ತೊಗಲು ಸಿಗುತ್ತದೆ. ತಡೆ ಸಿಗುವುದು ನೋಡಿ, ನೋಡಿ, ತನ್ನ ಮೈಯಲ್ಲಿ ಮಾಡಿ ಕಂಡವನಿಗೆ.

ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳದಿದ್ದರೆ ಈ ಮಾತಿಗೆ ತೂಕ ಬರದು. ಸಿಮೆಂಟಿನ ಹಳ್ಳಿಗಳು, ಗೊಟಗೋಡಿ ಒಂದೇ ಅಲ್ಲ, ಅದರ ಮಾದರಿಯಲ್ಲಿ ರಾಜ್ಯದ ಹಲವೆಡೆ ಎದ್ದ ಹಳ್ಳಿಗಳೆಲ್ಲ, ಜನರನ್ನು ಕಸುಬಿನ ಮಾದರಿಗಳಾಗಿ ನಿಲ್ಲಿಸುತ್ತವೆ. ಇವನು ಕಮ್ಮಾರ, ಇವಳು ಲಂಬಾಣಿ, ಇವನು ಕುರುಬ. ಒಬ್ಬೊಬ್ಬರಿಗೂ ಒಂದೊಂದು ಕಟ್ಟೆ, ಒಂದೊಂದು ವೇಷ. ಯಾರು ಯಾರ ಕಟ್ಟೆ ಹತ್ತುವಂತಿರಲಿಲ್ಲ, ಯಾರ ಮನೆಯ ಬಾವಿಯಿಂದ ಯಾರಿಗೆ ನೀರು ಸಿಗುತ್ತಿರಲಿಲ್ಲ ಎಂಬುದನ್ನು ಈ ಸುಂದರ ವ್ಯವಸ್ಥೆ ನುಂಗಿಬಿಡುತ್ತದೆ. ಹೊಳೆಯುವ ಎಣ್ಣೆಬಣ್ಣ ಬಳಿದ ಮೇಲಂತೂ ಬಡತನವೂ ಹಬ್ಬದ ಹಾಗೆ ಕಾಣುತ್ತದೆ. ಬೆಂಗಳೂರಿನ ಪುಷ್ಪಮಾಲಾ ಎನ್. ಈ ಅಪಾಯವನ್ನು ತಮ್ಮ ಮೈಯಿಂದಲೇ ಪರೀಕ್ಷಿಸಿದರು. ಬರೋಡದಲ್ಲಿ ಶಿಲ್ಪ ಕಲಿತು ಮಣ್ಣಿನಲ್ಲಿ ಕೆಲಸ ಮಾಡಿದ ಅವರು ಆಮೇಲೆ ಉಳಿ, ಮಣ್ಣು ಬಿಟ್ಟು ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ದಕ್ಷಿಣ ಭಾರತದ ಹೆಣ್ಣಿನ ಮಾದರಿಗಳನ್ನು ಒಂದೊಂದಾಗಿ ಕಟ್ಟಿದರು. ವಸಾಹತು ಕಾಲದ ಅಧಿಕಾರಿಗಳು ಬುಡಕಟ್ಟಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದ ಫೋಟೋ ಒಂದರಲ್ಲಿ, ಅಳತೆಗೆ ಸಿಕ್ಕವಳ ಜಾಗದಲ್ಲಿ ತಾವೇ ನಿಂತರು. ಆ ಚಿತ್ರ ನೋಡಿದ ಮೇಲೆ ಯಾವ ಕಸುಬಿನ ಮಾದರಿಯನ್ನೂ ಮೊದಲಿನ ನಿರಾಳತೆಯಲ್ಲಿ ನೋಡಲು ನನಗಾಗಿಲ್ಲ.

ಆದರೂ ಚಿಗವ್ವನ ಭುಜ ಮುಂದೆ ಬಂದದ್ದು ಸುಳ್ಳಲ್ಲ. ಮಾದರಿಯಾಗಿ ನಿಲ್ಲಿಸಿದ ಮೈಯೊಳಗೂ ಶಿಲ್ಪಿ ಒಂದು ನಿಜವನ್ನು ಬಚ್ಚಿಡಬಲ್ಲ. ವೇಷ ಸುಳ್ಳು ಹೇಳುತ್ತಿದ್ದಾಗಲೂ ಬೆನ್ನು ನಿಜ ಹೇಳುತ್ತಿರುತ್ತದೆ. ನಾನು ಗೊಟಗೋಡಿಯ ಪರವಾಗಿ ನಿಲ್ಲುವುದು ಆ ಬೆನ್ನುಗಳಿಗಾಗಿ.

ಇನ್ನೊಂದು ದಾರಿಯೂ ಇದೆ, ಮೈಯನ್ನು ತೋರಿಸದೆಯೇ ಮೈಯನ್ನು ಹೇಳುವ ದಾರಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಆರ್.ಎಂ. ಹಡಪದ ಅವರ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ಕಲಿತವರು. ತೊಂಬತ್ತರ ದಶಕದ ಮೊದಲಲ್ಲಿ ದೇಶ ಕೋಮುದಳ್ಳುರಿಯಲ್ಲಿ ಬೇಯುತ್ತಿದ್ದಾಗ ಅವರು ಎಣ್ಣೆಬಣ್ಣ ಬಿಟ್ಟು ಸಗಣಿ ಹಿಡಿದರು. ನಮ್ಮ ಹೊಸ್ತಿಲ ಪಾಂಡವರ ಸಗಣಿಯೇ ಅದು. ಅವರ ಕೈಯಲ್ಲಿ ಅದು ಹೆಂಗಸರ ಎಣಿಸದ ದುಡಿಮೆಯ ಮಾತಾಯಿತು. ಮುಂದೆ ನೂರಾರು ಮೀಟರು ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಬೆರೆಸಿದ ಅಂಟು ಸವರಿ, ಕೆಂಪು ಹುರಿಗಳನ್ನಾಗಿ ಮಾಡಿ ಗೋಡೆಯಿಂದ ನೆಲಕ್ಕೆ ಇಳಿಬಿಟ್ಟರು. ತುದಿಯಲ್ಲಿ ಸೂಜಿಗಳ ಗೊಂಚಲು. ಕರುಳೋ, ಹೊಕ್ಕುಳಬಳ್ಳಿಯೋ, ಮಸಾಲೆ ಅರೆದ ಕೈಯ ಕೆಂಪೋ, ನೋಡುವವರ ಮೈ ತಾನೇ ಹೇಳಿಕೊಳ್ಳುತ್ತದೆ. 2009ರಲ್ಲಿ ವೆನಿಸ್ಸಿನ ದ್ವೈವಾರ್ಷಿಕದಲ್ಲಿ ಅವರು ಮನುಷ್ಯರ ಕೂದಲಿನ ಹಗ್ಗಗಳಿಂದ ಕಾರಿನ ಬಂಪರುಗಳನ್ನು ತೂಗಿದರು. ದೃಷ್ಟಿ ತಾಗದಿರಲೆಂದು ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುವ ಅದೇ ಕೂದಲಿನ ಹುರಿ. ಯಾರೋ ಹರಕೆಗೆ ಬೋಳಿಸಿಕೊಟ್ಟ ಕೂದಲು ಉಕ್ಕನ್ನು ಎತ್ತಿ ಹಿಡಿದಿತ್ತು. ಅಲ್ಲಿಯೂ ನನಗೆ ಕಂಡದ್ದು ಸರಳಿನ ಪಾಠವೇ: ಎಳೆತ ತಾಳುವ ವಸ್ತು ಯಾವುದು, ಆ ಎಳೆತ ಯಾರದು.

ಈಗ ತುಕ್ಕಿನ ಮಾತು. ಚಾಚಿದ ಕೈಗೆ ಜೀವ ಕೊಟ್ಟ ಕಬ್ಬಿಣವೇ ಅದರ ಮೃತ್ಯುವನ್ನೂ ಹೊತ್ತಿರುತ್ತದೆ. ಹೊಸ ಸಿಮೆಂಟಿನ ಕ್ಷಾರ ಸರಳನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲಾಮ್ಲ ಒಳಗಿಳಿದು ಆ ಕ್ಷಾರವನ್ನು ತಿನ್ನುತ್ತದೆ, ಮಳೆಯ ನೀರು ಬಿರುಕಿನಲ್ಲಿ ಜಿನುಗುತ್ತದೆ, ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಉಬ್ಬಿ ಗಾರೆಯನ್ನು ಒಡೆಯುತ್ತದೆ. ಮೊದಲು ಹೋಗುವುದು ತೆಳ್ಳಗಿನ ಭಾಗ, ಅಂದರೆ ಬೆರಳು, ಮುಂಗೈ, ಚಾಚಿದ ತ್ರಾಣವೆಲ್ಲ ಕೂಡಿರುವ ಜಾಗ. ಆಗ ನಾವು ಏನು ಮಾಡುತ್ತೇವೆ? ನಮ್ಮ ಊರುಗಳ ವೃತ್ತಗಳಲ್ಲಿ ನಿಂತ ಮೂರ್ತಿಗಳಿಗೆ ಮಾಡುವುದನ್ನೇ: ಜಯಂತಿಯ ಹಿಂದಿನ ದಿನ ಬಣ್ಣ ಹೊಡೆಯುತ್ತೇವೆ. ಬಿರುಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪೇಂಟು. ಐದಾರು ಸಲ ಹೀಗಾದ ಮೇಲೆ ಬೆರಳುಗಳ ನಡುವಿನ ಸಂದು ತುಂಬಿ ಕೈ ಎಂಬುದು ಒಂದು ಮುದ್ದೆಯಾಗುತ್ತದೆ, ಒಳಗೆ ತುಕ್ಕು ತನ್ನ ಕೆಲಸ ನಡೆಸಿರುತ್ತದೆ.

ಶಿಲ್ಪಿಯ ಕೈ ಎಲ್ಲಿ ನಿಂತಿತ್ತು, ಬಣ್ಣಗಾರನ ಕೈ ಎಲ್ಲಿ ಶುರುವಾಯಿತು ಎಂದು ಬರೆದಿಡುವ ಪದ್ಧತಿ ಸಿಮೆಂಟಿನ ಶಿಲ್ಪಕ್ಕೆ ನಮ್ಮಲ್ಲಿ ಬಂದಿಲ್ಲ. ಚಾಲುಕ್ಯರ ಗುಡಿಗೆ ಪುರಾತತ್ವ ಇಲಾಖೆಯ ಬೋರ್ಡು ಇದೆ, ಬೇಲಿ ಇದೆ. ನಮ್ಮ ಅಪ್ಪ ಅವ್ವಂದಿರ ಮೈ ಮೊದಲ ಸಲ ಶಿಲ್ಪವಾದ ಕಾಲದ ಕೆಲಸಕ್ಕೆ ಯಾವ ಬೇಲಿಯೂ ಇಲ್ಲ. ನಾನು ಬೇಡುವುದು ದೊಡ್ಡದೇನಲ್ಲ. ಪ್ರತಿ ಆಕೃತಿಯ ನಾಲ್ಕು ಕಡೆಯ ಫೋಟೋ, ಯಾವ ಸರಳು, ಯಾವ ಬಣ್ಣ, ಯಾವ ವರ್ಷ ಎಂಬ ಟಿಪ್ಪಣಿ, ಆ ಕಸುಬು ಮಾಡಿದ್ದವರನ್ನು ಆಕೃತಿಯ ಮುಂದೆ ನಿಲ್ಲಿಸಿ ಕೇಳಿ ಬರೆದ ಎರಡು ಮಾತು. ಜಾನಪದ ಓದುವ ಹುಡುಗ ಹುಡುಗಿಯರು ಅದೇ ಊರಿನಲ್ಲಿ ಇದ್ದಾರೆ. ಚಿಗವ್ವನಂಥವರು ಇನ್ನೂ ಕೆಲವು ವರ್ಷ ಸಿಗುತ್ತಾರೆ. ಸರಳಿಗೆ ಎಷ್ಟು ಅವಸರವಿದೆಯೋ ಅದಕ್ಕಿಂತ ಹೆಚ್ಚು ಅವಸರ ಇಲ್ಲಿದೆ.

ಹಳೆಯ ಭಂಗಿಗಳಿಗಾಗಿ ಮರುಗುತ್ತ ಹೊಸವನ್ನು ಕಾಣದೆ ಹೋಗುವುದೂ ತಪ್ಪು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ರೂಪಿಸಿದ ಮೇಲೆ ನಮ್ಮ ಸೀಮೆಯಲ್ಲಿ ಬೀಜೋತ್ಪಾದನೆ ಬೆಳೆಯಿತು, ರಾಣೆಬೆನ್ನೂರು ಬೀಜದ ಊರಾಯಿತು. ಅದರ ಜೊತೆ ನಮ್ಮ ಅಜ್ಜಿಯರಿಗೆ ಗೊತ್ತಿರದ ಒಂದು ಭಂಗಿ ಹುಟ್ಟಿತು: ಕ್ರಾಸಿಂಗ್ ಮಾಡುವ ಮೈ. ಇಳಿಹೊತ್ತಿನಲ್ಲಿ ಮರುದಿನ ಅರಳುವ ಮೊಗ್ಗನ್ನು ಹುಡುಕಿ, ಉಗುರಿನಿಂದ ಅದರ ಕೇಸರಗಳನ್ನು ಬಿಡಿಸಿ, ಬೆಳಿಗ್ಗೆ ಇನ್ನೊಂದು ಗಿಡದ ಹೂ ತಂದು ಶಲಾಕಾಗ್ರಕ್ಕೆ ಸವರಬೇಕು. ಇಡೀ ಮೈ ಹೆಬ್ಬೆರಳಿನ ತುದಿಗೆ ಇಳಿದಿರುತ್ತದೆ. ಈ ಭಂಗಿಗೆ ಹಾಡಿಲ್ಲ, ಹಬ್ಬವಿಲ್ಲ. ಅದನ್ನು ಶಿಲ್ಪವಾಗಿಸಿದವರನ್ನು ನಾನು ಕಂಡಿಲ್ಲ.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣಕ್ಕೂ ಸುಕ್ಕಿಗೂ ಲೋಕವೇ ಅದನ್ನು ಬಲ್ಲದು. ಅದರ ತುಂಬು ಬಿಡಿಸುವ ಹೆಂಗಸರನ್ನು ಮಾರುಕಟ್ಟೆಯ ಸುತ್ತಲಿನ ಶೆಡ್ಡುಗಳಲ್ಲಿ ನೋಡಬೇಕು. ಕೆಂಪು ರಾಶಿಯ ಅಂಚಿಗೆ ಕುಕ್ಕರುಗಾಲಿನಲ್ಲಿ ಕೂತು, ಘಾಟಿಗೆ ಮೂಗು ಬಾಯಿ ಮುಚ್ಚಿ ಸೆರಗು ಬಿಗಿದು, ಕಣ್ಣಷ್ಟೇ ಬಿಟ್ಟುಕೊಂಡು, ಎರಡು ಬೆರಳಿನಲ್ಲಿ ಚಿಟಕ್ಕೆಂದು ತುಂಬು ಮುರಿಯುತ್ತಾರೆ. ಇವರನ್ನು ಯಾವುದರಲ್ಲಿ ಮಾಡುವುದು? ಸಿಮೆಂಟಿಗೆ ಕೆಮ್ಮು ಬರುವುದಿಲ್ಲ. ಮುಖವೇ ಕಾಣದ ಮೈಗೆ ಹೋಲಿಕೆಯ ಮಾತೂ ಇಲ್ಲ. ಹಳೆಯ ಸೀರೆ, ಗೋಣಿಚೀಲ, ಮೆಣಸಿನಪುಡಿ, ಕಬ್ಬಿಣದ ಸರಳು, ಇವೆಲ್ಲ ಕೂಡಿದರೂ ಸಾಲದೇನೋ. ಚಿಗವ್ವ ಕೆಲವು ವರ್ಷ ಆ ಕೆಲಸಕ್ಕೆ ಹೋಗಿದ್ದಳು. ಸಂಜೆ ಟೆಂಪೋದಿಂದ ಅಗಡಿಯ ಕ್ರಾಸಿನಲ್ಲಿ ಇಳಿದು ಮನೆಗೆ ಬಂದವಳು ಯಾರನ್ನೂ ಮುಟ್ಟುತ್ತಿರಲಿಲ್ಲ, ಮಕ್ಕಳನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಉರಿಯುವ ಎರಡೂ ಕೈಗಳನ್ನು ಮೈಯಿಂದ ದೂರ ಗಾಳಿಗೆ ಚಾಚಿ ಕೂರುತ್ತಿದ್ದಳು. ನಮ್ಮ ಅವ್ವ ಒಳಗಿನಿಂದ ಬೆಣ್ಣೆಯ ಬಟ್ಟಲು ತಂದು ಆ ಬೆರಳುಗಳಿಗೆ ಒಂದೊಂದಾಗಿ ಸವರುತ್ತಿದ್ದಳು.